ಚಿತ್ತಾರ ಬರೆಯುವ ಕೈಗೆ ಮೆದುಳಿನ ಯಾವ ಮಗ್ಗುಲು?

ಭೂಮಿ ಹುಣ್ಣಿಮೆ ಹತ್ತಿರವಾದಂತೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ, ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ಶುರುವಾಗುತ್ತದೆ. ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಅಳತೆಗೋಲಿನ ಹಂಗಿಲ್ಲದೆ ಸಮಾನಾಂತರವಾಗಿ ಎಳೆಗಳನ್ನು ಎಳೆಯುವ ಅಜ್ಜಿಯೊಬ್ಬರನ್ನು ನಾನು ಒಂದು ಮಧ್ಯಾಹ್ನವಿಡೀ ನೋಡುತ್ತ ಕುಳಿತಿದ್ದೆ. ಅವರ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಎಳೆಗಳ ಲೆಕ್ಕ ಒಂದು ತಪ್ಪಿದರೂ ಬುಟ್ಟಿಯ ಸುತ್ತು ಮುಗಿಯುವಾಗ ಗೆರೆಗಳು ಕೂಡುವುದಿಲ್ಲವಾದ್ದರಿಂದ ಅವರು ಎಣಿಸುತ್ತಿದ್ದರು. ಶಿವಮೊಗ್ಗದಲ್ಲಿ ಪಿಯುಸಿ ಓದುವ ಮೊಮ್ಮಗಳನ್ನು ಕರೆದು, "ನೀನೂ ನಾಲ್ಕು ಎಳೆ ಎಳಿಯೇ" ಎಂದರು. ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ ತನ್ನ ಸ್ವಭಾವವನ್ನು ಆಗಲೇ ತಿಳಿದುಕೊಂಡಿದ್ದ ಆ ಹುಡುಗಿ, "ನಂದು ಎಡ ಮೆದುಳು ಅಜ್ಜಿ, ನಂಗೆ ಇದೆಲ್ಲ ಬರಲ್ಲ" ಎಂದಳು.

ಜನರಲ್ಲಿ ಎಡ ಮೆದುಳಿನವರು, ಬಲ ಮೆದುಳಿನವರು ಎಂದು ಎರಡು ಬಗೆ, ತರ್ಕ ಎಡದವರದ್ದು, ಕಲೆ ಬಲದವರದ್ದು ಎಂಬ ಜನಪ್ರಿಯ ನಂಬಿಕೆಯಿಂದ ಬಂದ ಅವಳ ಮಾತು ನನ್ನನ್ನು ಬಹಳ ದಿನ ಕಾಡಿತು. ಎಡ ಮೆದುಳಿನವರು ಎಂದು ಕರೆಸಿಕೊಳ್ಳುವವರಿಗೆ ಹೇಳುವ ಗುಣಗಳು ಪರಿಚಿತವೇ: ಕ್ರಮಬದ್ಧತೆ, ತರ್ಕ, ಲೆಕ್ಕ, ವಿವರಗಳ ಮೇಲಿನ ಗಮನ, ಮೊದಲೇ ಯೋಜನೆ ಹಾಕಿಕೊಳ್ಳುವ ಅಭ್ಯಾಸ, ಆಧಾರವಿಲ್ಲದೆ ಯಾವುದನ್ನೂ ಒಪ್ಪದಿರುವುದು. ಇಂಥ ಗುಣಗಳಿರುವ ಜನ ನಮ್ಮ ನಡುವೆ ಖಂಡಿತ ಇದ್ದಾರೆ. ವ್ಯಕ್ತಿತ್ವವನ್ನು ಅಳೆಯುವ ಮನೋವಿಜ್ಞಾನಿಗಳು ಬಳಸುವ ಐದು ಮುಖ್ಯ ಆಯಾಮಗಳಲ್ಲಿ ಶಿಸ್ತು ಮತ್ತು ಹೊಣೆಗಾರಿಕೆಯದ್ದೂ ಒಂದು. ಅದು ಎಲ್ಲರಲ್ಲಿಯೂ ಹೆಚ್ಚು ಕಡಿಮೆ ಪ್ರಮಾಣದಲ್ಲಿರುವ ಗುಣವೇ ಹೊರತು ಇರುವವರು, ಇಲ್ಲದವರು ಎಂಬ ಎರಡು ಜಾತಿಗಳಿಲ್ಲ. ಆ ಗುಣಗಳಿಗೆ ಮೆದುಳಿನ ಒಂದು ಪಕ್ಕವನ್ನು ಮನೆಯಾಗಿ ಕೊಟ್ಟದ್ದೇ ತಪ್ಪು.

ತಪ್ಪಿನ ಬೇರು ಮಾತ್ರ ನಿಜವಾದ ವಿಜ್ಞಾನದಲ್ಲಿಯೇ ಇದೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, "ಟಾನ್" ಎಂಬ ಒಂದು ಸದ್ದನ್ನು ಬಿಟ್ಟು ಹೆಚ್ಚೇನೂ ಆಡಲಾಗದಿದ್ದ ರೋಗಿಯೊಬ್ಬನ ಮೆದುಳನ್ನು ಅವನ ಸಾವಿನ ನಂತರ ಪರೀಕ್ಷಿಸಿ, ಎಡಭಾಗದ ಮುಂಬದಿಯಲ್ಲಿ ಗಾಯವನ್ನು ಕಂಡರು. ನೂರು ವರ್ಷಗಳ ನಂತರ ಅಮೆರಿಕದ ರೋಜರ್ ಸ್ಪೆರಿ, ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಎರಡು ಅರ್ಧಗಳ ನಡುವಿನ ನರತಂತುಗಳ ಸೇತುವೆಯನ್ನು ಕತ್ತರಿಸಿಕೊಂಡಿದ್ದವರನ್ನು ಅಧ್ಯಯನ ಮಾಡಿದರು. ಅದಕ್ಕೆ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲೂ ದೊರೆಯಿತು. ಅವರ ಶಿಷ್ಯ ಮೈಕೆಲ್ ಗಜಾನಿಗ ಮುಂದೆ ಅಂಥ ಒಬ್ಬ ರೋಗಿಯ ಎಡ ಮೆದುಳಿಗೆ ಕೋಳಿಯ ಕಾಲನ್ನೂ ಬಲ ಮೆದುಳಿಗೆ ಹಿಮ ಸುರಿದ ಮನೆಯನ್ನೂ ತೋರಿಸಿದರು. ಎದುರಿಗಿದ್ದ ಚಿತ್ರಗಳಲ್ಲಿ ಎಡ ಮೆದುಳಿನ ಅಂಕೆಯಲ್ಲಿರುವ ಬಲಗೈ ಕೋಳಿಯನ್ನು ಆರಿಸಿದರೆ, ಬಲ ಮೆದುಳಿನ ಅಂಕೆಯಲ್ಲಿರುವ ಎಡಗೈ ಹಿಮ ತೆಗೆಯುವ ಸಲಿಕೆಯನ್ನು ಆರಿಸಿತು. ಸಲಿಕೆ ಏಕೆ ಎಂದು ಕೇಳಿದಾಗ, ಹಿಮವನ್ನು ಕಂಡೇ ಇರದ, ಆದರೆ ಮಾತು ಬಲ್ಲ ಎಡ ಮೆದುಳು ತಡವರಿಸದೆ ಕೊಟ್ಟ ಕಾರಣ, ಕೋಳಿಗೂಡನ್ನು ಚೊಕ್ಕಟ ಮಾಡಲು ಸಲಿಕೆ ಬೇಕು ಎಂಬುದು. ತರ್ಕದ ತವರು ಎನ್ನಿಸಿಕೊಂಡ ಭಾಗ ಇಲ್ಲಿ ಮಾಡಿದ್ದು ಕಥೆ ಕಟ್ಟುವ ಕೆಲಸವೆಂಬುದನ್ನು ಗಮನಿಸಬೇಕು.

ಸೇತುವೆ ಕಡಿದವರಲ್ಲಿ ಕಂಡದ್ದನ್ನು, ಸುಮಾರು 20 ಕೋಟಿ ತಂತುಗಳ ಆ ಸೇತುವೆ ಗಟ್ಟಿಯಾಗಿರುವ ನಮಗೆಲ್ಲ ಜನಪ್ರಿಯ ಬರಹಗಳು ಅನ್ವಯಿಸಿಬಿಟ್ಟವು. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೆಲವು ಕೆಲಸಗಳು ಒಂದು ಪಕ್ಕಕ್ಕೆ ವಾಲಿರುವುದು ನಿಜ, ಆದರೆ ಇಡೀ ಮೆದುಳೇ ಒಂದು ಪಕ್ಕಕ್ಕೆ ವಾಲಿದ ವ್ಯಕ್ತಿಗಳೆಂಬ ಗುಂಪಿಗೆ ಆಧಾರ ಸಿಗಲಿಲ್ಲ.

ಅತಿ ಹೆಚ್ಚು ಎಡಕ್ಕೆ ವಾಲಿರುವುದು ಭಾಷೆ; ಬಲಗೈ ಬಳಸುವವರಲ್ಲಿ ಶೇಕಡಾ 95ರಷ್ಟು ಜನರಿಗೆ ಅದರ ಮುಖ್ಯ ನೆಲೆ ಎಡ ಮೆದುಳೇ. ಆದರೂ ಮಾತಿನ ಏರಿಳಿತ, ವ್ಯಂಗ್ಯ, ಧ್ವನ್ಯರ್ಥಗಳನ್ನು ಹಿಡಿಯಲು ಬಲಭಾಗದ ನೆರವು ಬೇಕು. ನನ್ನ ಸೋದರಮಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ ಮಾತೂ ನಿಂತಿತು. ನೀರು ಬೇಕೆಂದು ಕೇಳಲೂ ಅವರಿಗೆ ಆಗುತ್ತಿರಲಿಲ್ಲ. ಒಂದು ಸಂಜೆ ಅತ್ತೆ ದೀಪ ಹಚ್ಚಿ ಭಜನೆ ಎತ್ತಿಕೊಂಡಾಗ, ಒಳಕೋಣೆಯಿಂದ ಅವರ ದನಿ ಪಲ್ಲವಿಯ ಒಂದೊಂದು ಪದವನ್ನೂ ಸ್ಪಷ್ಟವಾಗಿ ಹಾಡಿತು. ಅತ್ತೆ ಹಾಡು ನಿಲ್ಲಿಸಿ ಅತ್ತುಬಿಟ್ಟರು. ಮಾತು ಕಳೆದುಕೊಂಡರೂ ಹಾಡಬಲ್ಲ ಇಂಥ ರೋಗಿಗಳಿಗಾಗಿಯೇ, ಪದಗಳನ್ನು ರಾಗದಲ್ಲಿ ಹೇಳಿಸಿ ಮಾತನ್ನು ಮರಳಿಸಲು ಯತ್ನಿಸುವ ಚಿಕಿತ್ಸಾ ವಿಧಾನವೊಂದು 1970ರ ದಶಕದಿಂದ ಬಳಕೆಯಲ್ಲಿದೆ.

ಇನ್ನು ಆ ಅಜ್ಜಿಯ ಕೈ. ಬಲಗೈಗೆ ಅಪ್ಪಣೆ ಹೋಗುವುದು ಎಡ ಮೆದುಳಿನಿಂದ. ಬುಟ್ಟಿಯ ಮೈಮೇಲೆ ಉಳಿದಿರುವ ಜಾಗದ ಅಂದಾಜಿನಲ್ಲಿ ಬಲ ಮೆದುಳಿನ ಪಾಲು ದೊಡ್ಡದು. ಎಳೆಗಳ ಎಣಿಕೆಯಲ್ಲಿ ಎರಡೂ ಪಕ್ಕಗಳ ಮೇಲ್‌ಹಿಂಬದಿಯ ಭಾಗಗಳು ತೊಡಗುತ್ತವೆ. ಮೊಮ್ಮಗಳಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು ಬುಟ್ಟಿಯನ್ನು ತಿರುಗಿಸಿ ನೋಡಿ, ಒಂದು ಸುತ್ತಿಗೆ ಎಷ್ಟು ಎಳೆ ಎಂದು ಅಜ್ಜಿಯನ್ನು ಕೇಳಿದಳು.