ನಕ್ಷತ್ರ ನೋಡಲು ಮಲ್ಪೆಯೋ, ಆಗುಂಬೆಯೋ?

ಪ್ರಶ್ನೆ: ನಾವಿರುವುದು ಉಡುಪಿ ಪೇಟೆಯಲ್ಲಿ. ಮಗಳಿಗೆ ನಕ್ಷತ್ರ ನೋಡುವ ಆಸೆ. ನಮ್ಮ ಟೆರೇಸಿನಿಂದ ಹತ್ತಿಪ್ಪತ್ತು ಕಂಡರೆ ಹೆಚ್ಚು. ಮಲ್ಪೆ ಬೀಚಿಗೆ ಹೋದರೆ ಸಾಕಾ, ಆಗುಂಬೆಗೇ ಹೋಗಬೇಕಾ? ಟೆಲಿಸ್ಕೋಪ್ ತೆಗೆದುಕೊಳ್ಳಬೇಕಾ?

ಉತ್ತರ: ಎಲ್ಲಿಗೆ ಹೋಗುವುದು ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಯಾವತ್ತು ಹೋಗುವುದು ಎಂದು ಕೇಳುವವರು ಕಡಿಮೆ. ನಮ್ಮ ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ಗೋಡೆಯ ಮೇಲಿನ ಕ್ಯಾಲೆಂಡರ್. ದಿನ ಸರಿಯಿದ್ದರೆ ಹತ್ತಿರದ ಗದ್ದೆಯೂ ಸಾಕು. ದಿನ ತಪ್ಪಿದರೆ ಘಟ್ಟ ಹತ್ತಿದರೂ ಏನೂ ಸಿಗುವುದಿಲ್ಲ.

ನನಗೇ ಹೀಗಾಗಿದೆ. ಒಂದು ಜನವರಿಯಲ್ಲಿ ಮನೆಯವರೆಲ್ಲ ಆಗುಂಬೆ ಕಡೆಗೆ ಹೊರಟೆವು. ಹುಣ್ಣಿಮೆಗೆ ಎರಡೇ ದಿನ ಇತ್ತು. ಬೆಳದಿಂಗಳಿಗೆ ನಮ್ಮ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಜೂ ಕವಿಯಿತು. ಮಕ್ಕಳು ಕಾರಿನಲ್ಲೇ ನಿದ್ದೆ ಹೋದರು. ಎರಡು ವಾರ ಬಿಟ್ಟು, ಅಮಾವಾಸ್ಯೆ ಹತ್ತಿರ ಇದ್ದಾಗ, ಹೆಬ್ರಿ ಕಡೆಯ ನೆಂಟರ ಮನೆಯಲ್ಲಿ ಉಳಿದೆವು. ಅಂಗಳದಲ್ಲಿ ಚಾಪೆ ಹಾಸಿ ಮಲಗಿದೆವು. ಆ ರಾತ್ರಿಯ ಮಾತನ್ನು ಮಕ್ಕಳು ಈಗಲೂ ಆಡುತ್ತಾರೆ.

ಹಾಗಾದರೆ ಯಾವ ದಿನ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಕ್ಟೋಬರಿನಲ್ಲೂ ಸಂಜೆಯ ಗುಡುಗು ಬಿಡುವುದಿಲ್ಲ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ನಮ್ಮ ಕಾಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಮೂಡು ದಿಕ್ಕಿನಿಂದ ಒಣಗಾಳಿ ಬೀಸಿದರೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ.

ಒಂದು ವಿಷಯ ನನಗೆ ತುಂಬಾ ಇಷ್ಟ. ನಮ್ಮಲ್ಲಿ ಮಳೆಗೆಲ್ಲ ನಕ್ಷತ್ರದ ಹೆಸರು, ಅಲ್ವಾ? ಆರ್ದ್ರಾ ಮಳೆ ಜೂನ್ 22ರ ಹೊತ್ತಿಗೆ ಶುರುವಾಗುತ್ತದೆ. ಸೂರ್ಯ ಆರ್ದ್ರಾ ನಕ್ಷತ್ರದ ಭಾಗಕ್ಕೆ ಬರುವ ಸಮಯ ಅದು. ಅಂದರೆ ಆಗ ಆರ್ದ್ರಾ ಸೂರ್ಯನ ಜೊತೆಗೇ ಮೂಡಿ, ಜೊತೆಗೇ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಆರು ತಿಂಗಳು ಕಾಯಬೇಕು. ಡಿಸೆಂಬರಿನಲ್ಲಿ ಕತ್ತಲಾದ ಮೇಲೆ ಅದು ಮೂಡಣದಲ್ಲಿ ಕೆಂಪಗೆ ಏಳುತ್ತದೆ. ಸಾಲಾಗಿ ಮೂರು ನಕ್ಷತ್ರ ಕಂಡರೆ ಅದು ಓರಿಯನ್ ನಕ್ಷತ್ರಪುಂಜದ ಬೇಟೆಗಾರನ ನಡುಪಟ್ಟಿ. ಆರ್ದ್ರಾ ಇರುವುದು ಅವನ ಹೆಗಲಿನಲ್ಲಿ. ಹೆಸರು ಕೇಳಿ ಬೆಳೆದ ಮಳೆಯ ನಕ್ಷತ್ರವನ್ನು ಮಗಳಿಗೆ ಕಣ್ಣಾರೆ ತೋರಿಸಿ.

ಇನ್ನು ಚಂದ್ರ. ಸಂಕಷ್ಟಿಯ ದಿನ ಚಂದ್ರೋದಯ ಎಷ್ಟು ಗಂಟೆಗೆ ಎಂದು ಪಂಚಾಂಗದಲ್ಲಿ ಇರುತ್ತದೆ. ಸಾಮಾನ್ಯವಾಗಿ ರಾತ್ರಿ 9ರ ಆಸುಪಾಸು. ಅಲ್ಲಿಂದ ಮುಂದೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ. ಸಂಕಷ್ಟಿ ಕಳೆದು ಮೂರು ದಿನ ಬಿಟ್ಟರೆ ನಡುರಾತ್ರಿ ಹತ್ತಿರದವರೆಗೂ ಒಳ್ಳೆಯ ಕತ್ತಲೆ. ಅಲ್ಲಿಂದ ಅಮಾವಾಸ್ಯೆ ಕಳೆದು ಎರಡು ಮೂರು ದಿನದವರೆಗೆ, ಹೆಚ್ಚು ಕಡಿಮೆ ಹತ್ತು ರಾತ್ರಿ ನಿಮ್ಮದು. ಅದರೊಳಗೆ ಬರುವ ಶನಿವಾರ ಹಿಡಿಯಿರಿ. ಸಂಜೆ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ನೋಡಿ ಮೋಡ ಇಲ್ಲವೆಂದು ಖಚಿತ ಮಾಡಿಕೊಂಡು ಹೊರಡಿ. ಸೂರ್ಯ ಮುಳುಗಿ ಒಂದೂಕಾಲು ಗಂಟೆಯಾದರೆ ಪೂರ್ತಿ ಕತ್ತಲೆ.

ಈಗ ಮಲ್ಪೆ. ಬೀಚ್ ಬೇಡ ಎನ್ನುವುದಿಲ್ಲ. ಆದರೆ ನಮ್ಮ ಕಡಲು ಇರುವುದು ಪಡುವಣಕ್ಕೆ. ಮೂಡಿ ಬರುವ ನಕ್ಷತ್ರಗಳೆಲ್ಲ ಬೆನ್ನ ಹಿಂದೆ, ಪೇಟೆಯ ಬೆಳಕಿನೊಳಗೆ. ಡಿಸೆಂಬರ್ ಸಂಜೆ ಬೀಚಿಗೆ ಹೋದವರಿಗೆ ನಿರಾಸೆ ಆಗುವುದು ಇದಕ್ಕೇ. ಮಾರ್ಚ್ ಕೊನೆಗೆ ಹೋಗಿ ನೋಡಿ. ರಾತ್ರಿ 9ಕ್ಕೆ ಅದೇ ಓರಿಯನ್ ಕಡಲಿನ ಕಡೆಗೆ ವಾಲಿರುತ್ತಾನೆ. ಮಲ್ಪೆಯ ದೀಪ ಜಾಸ್ತಿ ಅನ್ನಿಸಿದರೆ ಸೇತುವೆ ದಾಟಿ ಪಡುಕೆರೆ ಕಡೆ ಹೋಗಿ. ಕಾಪುವಿನ ದೀಪಸ್ತಂಭದ ಹತ್ತಿರ ಕೂರಬೇಡಿ, ತಿರುಗುವ ಬೆಳಕು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮರವಂತೆಯಲ್ಲಿ ಕಡಲಿಗೆ ಅಂಟಿಕೊಂಡೇ ಹೆದ್ದಾರಿ ಇರುವುದರಿಂದ ವಾಹನಗಳ ಬೆಳಕು ತಪ್ಪುವುದಿಲ್ಲ. ಎಲ್ಲೇ ಹೋದರೂ ಅಲೆ ಮುಟ್ಟದ ಮೇಲಿನ ಹೊಯಿಗೆಯಲ್ಲೇ ಕುಳಿತುಕೊಳ್ಳಿ.

ಬೀಚಿನ ನಿಜವಾದ ಲಾಭ ತೆಂಕು ದಿಕ್ಕು. ಮಲ್ಪೆಯಿಂದ ನೇರ ತೆಂಕಿಗೆ ನೋಡಿದರೆ ಅಲ್ಲೂ ಕಡಲೇ, ತೆಂಗಿನ ಮರ ಅಡ್ಡ ಇಲ್ಲ. ಉಡುಪಿ ಇರುವುದು ಭೂಮಧ್ಯ ರೇಖೆಯಿಂದ ಸುಮಾರು 13 ಡಿಗ್ರಿ ಬಡಗಿಗೆ ಮಾತ್ರ. ಹಾಗಾಗಿ ದೆಹಲಿಯವರಿಗೆ ಸಿಗದ ತೆಂಕಣ ನಕ್ಷತ್ರಗಳು ನಮಗೆ ಸಿಗುತ್ತವೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಫೆಬ್ರವರಿ ಮಧ್ಯದಲ್ಲಿ ರಾತ್ರಿ 9ಕ್ಕೆ ತೆಂಕಿಗೆ ಮುಖ ಮಾಡಿ. ಕಡಲಿನಿಂದ ಎರಡೂವರೆ ಮುಷ್ಟಿ ಮೇಲೆ ಹೊಳೆಯುವುದು ಅಗಸ್ತ್ಯ. ರಾತ್ರಿಯ ಆಕಾಶದಲ್ಲೆಲ್ಲ ಅದಕ್ಕಿಂತ ಪ್ರಕಾಶದ ನಕ್ಷತ್ರ ಒಂದೇ, ಲುಬ್ಧಕ. ಅದೂ ಆಗ ಮೇಲ್ಗಡೆಯೇ ಇರುತ್ತದೆ. ತ್ರಿಶಂಕು ನೋಡಬೇಕಾದರೆ ಏಪ್ರಿಲ್ ಮಧ್ಯದಲ್ಲಿ ರಾತ್ರಿ 11.30, ಮೇ ಮಧ್ಯದಲ್ಲಿ 9.30. ಒಂದೂವರೆ ಮುಷ್ಟಿ ಎತ್ತರದಲ್ಲಿ ಸಣ್ಣ ಶಿಲುಬೆಯ ಆಕಾರ. ದೆಹಲಿಯಲ್ಲಿ ಅದು ದಿಗಂತ ಬಿಟ್ಟು ಏಳುವುದೇ ಇಲ್ಲವೆನ್ನಬಹುದು. ಅದರ ಎಡಕ್ಕೆ ಎರಡು ದೊಡ್ಡ ನಕ್ಷತ್ರ ಇವೆ. ತ್ರಿಶಂಕುವಿನಿಂದ ದೂರ ಇರುವುದು ಆಲ್ಫಾ ಸೆಂಟಾರಿ, ಸುಮಾರು 4.4 ಜ್ಯೋತಿರ್ವರ್ಷ ಆಚೆಗಿನ ನಮ್ಮ ನೆರೆಮನೆ. ಧ್ರುವ ಮಾತ್ರ ನಮಗೆ ತುಂಬಾ ಕೆಳಗೆ. ಬಡಗಿನಲ್ಲಿ ಒಂದು ಮುಷ್ಟಿ, ಮೇಲೆ ಎರಡು ಬೆರಳು. ತೋಟದ ಮನೆಗಳಲ್ಲಿ ಅದು ಅಡಿಕೆ ಮರಗಳ ಹಿಂದೆಯೇ ಉಳಿಯುತ್ತದೆ.

ಆಕಾಶಗಂಗೆ ನೋಡುವ ಆಸೆ ಇದ್ದರೆ ಒಳನಾಡಿಗೇ ಹೋಗಬೇಕು. ಅದರ ದಟ್ಟ ಭಾಗ ಸಂಜೆ ಹೊತ್ತು ಚೆನ್ನಾಗಿ ಕಾಣುವ ತಿಂಗಳಲ್ಲಿ ನಮಗೆ ಮಳೆ. ಆದ್ದರಿಂದ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೆಳಗಿನ ಜಾವ 4ರಿಂದ 5ರೊಳಗೆ ಏಳಿ. ಮಕ್ಕಳನ್ನು ಎಬ್ಬಿಸುವುದು ಕಷ್ಟ, ಗೊತ್ತು. ಆದರೂ ಎಬ್ಬಿಸಿ.

ಆಗುಂಬೆಗೆ ಹೋಗಲೇಬೇಕೆಂದಿಲ್ಲ. ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಹಳ್ಳಿಗಳಲ್ಲಿ ಕೊಯ್ಲಾದ ಬಾಕಿಮಾರು ಗದ್ದೆ (ಮನೆಯೆದುರಿನ ದೊಡ್ಡ ಗದ್ದೆ) ಸಿಕ್ಕಿದರೆ ಚೆನ್ನ. ನನ್ನ ಕೇಳಿದರೆ ಅದಕ್ಕಿಂತ ಒಳ್ಳೆಯದು ಅಡಿಕೆ ಒಣಗಿಸುವ ಅಂಗಳ. ಅಡಿಕೆಗೆ ದಿನವಿಡೀ ಬಿಸಿಲು ಬೀಳಬೇಕು, ಹಾಗಾಗಿ ಅಲ್ಲಿ ಮರದ ಅಡ್ಡ ಕಡಿಮೆ. ಬಿಸಿಲು ಬೀಳುವಲ್ಲಿ ಆಕಾಶ ಕಾಣುತ್ತದೆ. ನೆಲವೂ ಸಮತಟ್ಟು, ಹಾವಿನ ಹೆದರಿಕೆಯೂ ಗದ್ದೆಗಿಂತ ಕಡಿಮೆ. ನೆಂಟರ ಮನೆಯಾಗಲಿ, ಹೋಮ್‌ಸ್ಟೇ ಆಗಲಿ, ಹೋಗುವ ಮೊದಲೇ ಫೋನಿನಲ್ಲಿ ಕೇಳಿ: "ರಾತ್ರಿ ಒಂದೆರಡು ಗಂಟೆ ಅಂಗಳದ ಲೈಟ್ ಆರಿಸಬಹುದಾ?" ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ, ತಾವೂ ಬಂದು ಕೂರುತ್ತಾರೆ. ಕತ್ತಲಾದ ಮೇಲೆ ಘಟ್ಟದ ತಿರುವಿನಲ್ಲೋ ಕಾಡಿನಂಚಿನಲ್ಲೋ ಕಾರು ನಿಲ್ಲಿಸಿ ನೋಡುವ ಯೋಚನೆ ಮಾತ್ರ ಬಿಟ್ಟುಬಿಡಿ. ವಾಹನ ಬರುತ್ತದೆ, ಕಾಡುಪ್ರಾಣಿಯೂ ಬರುತ್ತದೆ. ಗದ್ದೆಗೆ ಇಳಿಯುವಾಗ ಕಾಲಿಗೆ ಶೂ ಇರಲಿ, ನಡೆಯುವಾಗ ಟಾರ್ಚ್ ಇರಲಿ. ಕುಳಿತ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲ್ ಒಳಗಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಸ್ಕ್ರೀನ್ ನೋಡಿದರೆ ಮತ್ತೆ ಮೊದಲಿನಿಂದ ಶುರು.

ಟೆಲಿಸ್ಕೋಪ್ ಈಗಲೇ ಬೇಡ. ಮೊದಲು ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಉಡುಪಿಯಲ್ಲೇ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ. ಅವರು ಆಕಾಶ ತೋರಿಸುವ ಕಾರ್ಯಕ್ರಮ ಇಟ್ಟಾಗ ಹೋದರೆ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಬಹುದು. ಆಮೇಲೆ ಕೊಳ್ಳುವುದಾದರೆ 7×50 ಅಥವಾ 10×50 ಬೈನಾಕ್ಯುಲರ್ ಕೊಳ್ಳಿ (ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ). ಕೃತ್ತಿಕೆಯ ಗುಂಪನ್ನು ಅದರಲ್ಲಿ ನೋಡಿದಾಗ ಮಗಳ ಮುಖ ನೋಡಬೇಕು ನೀವು.

ಬೈನಾಕ್ಯುಲರನ್ನು ಕಪಾಟಿನಲ್ಲಿ ಸುಮ್ನೆ ಇಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಹಿಡಿಯುತ್ತದೆ. ನನ್ನ ಮೊದಲ ಬೈನಾಕ್ಯುಲರ್ ಒಂದೇ ಮಳೆಗಾಲಕ್ಕೆ ಹಾಗೆ ಹಾಳಾಯಿತು, ಆ ಬೇಸರ ಇನ್ನೂ ಇದೆ. ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಅದು ತೇವ ಹೀರಿದೆ ಎಂದು ಅರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಬೀಚಿನಿಂದ ಬಂದ ರಾತ್ರಿ ಉಪ್ಪಿನ ಪಸೆಯನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿಯೇ ಒಳಗಿಡಿ.