ಕಾಲು ಬಾತದ್ದು ಬಿಸುವಿಗೆ ಮೊದಲೋ, ನಂತರವೋ?

ಕಳೆದ ಮಳೆಗಾಲದಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಒಬ್ಬರು ಅಮ್ಮ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಕೂತವರೇ ಸೀರೆ ಸ್ವಲ್ಪ ಸರಿಸಿ ಪಾದ ತೋರಿಸಿದರು. ಸಂಜೆಯಾದರೆ ಬಾತು ಚಪ್ಪಲಿ ಹಾಕಲಿಕ್ಕೆ ಆಗುವುದಿಲ್ಲವಂತೆ. "ಕಿಡ್ನಿ ಹೋಯ್ತೋ ಎಂತದೋ ಡಾಕ್ಟ್ರೇ" ಎಂದರು. ಮಗಳು ಕೈಚೀಲದಿಂದ ಮದ್ದೆಲ್ಲ ಮೇಜಿಗೆ ಸುರಿದಳು. ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ. ಕಾಲು ಬಾತದ್ದಕ್ಕೆ ಮೂತ್ರ ಹೋಗುವ ಮಾತ್ರೆ. ರಾತ್ರಿ ಮೀನಖಂಡ ಸೆಳೆಯುವುದಕ್ಕೆ ಒಂದು. ತಲೆ ತಿರುಗುವುದಕ್ಕೆ ಇನ್ನೊಂದು.

ನಾನು ಕೇಳಿದ್ದು ಒಂದೇ. ಆಮ್ಲೋಡಿಪಿನ್ 5 ಇದ್ದದ್ದು 10 ಆದದ್ದು ಯಾವಾಗ, ಕಾಲು ಬಾತದ್ದು ಯಾವಾಗ? ಇಬ್ಬರಿಗೂ ತಾರೀಕು ನೆನಪಿಲ್ಲ. ನಮ್ಮಲ್ಲಿ ಇಂಥ ಲೆಕ್ಕ ಹಬ್ಬದ ಮೇಲೆ ಹೋಗುತ್ತದೆ. ಮದ್ದು ಜಾಸ್ತಿ ಮಾಡಿದ್ದು ಏಪ್ರಿಲ್ ನಡುವಿನ ಬಿಸು ಹಬ್ಬದ ವಾರ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಕಾಲು ಬಾತಿತ್ತು. ನಡುವೆ ಹೆಚ್ಚೆಂದರೆ ನಲವತ್ತು ದಿನ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಆಮ್ಲೋಡಿಪಿನ್ ಹೃದಯದಿಂದ ರಕ್ತ ತರುವ ಸಣ್ಣ ಅಪಧಮನಿಗಳನ್ನು ಸಡಿಲ ಮಾಡುತ್ತದೆ. ಬಿಪಿ ಇಳಿಯುವುದು ಹಾಗೆಯೇ. ಆದರೆ ರಕ್ತ ವಾಪಸು ಹೋಗುವ ಅಭಿಧಮನಿಗಳು ಅಷ್ಟು ಸಡಿಲವಾಗುವುದಿಲ್ಲ. ನೀರಿಗೆ ಹಾಕಿದ ಮೇಲಿನ ಕಟ್ಟ ಬಿಚ್ಚಿ ಕೆಳಗಿನದ್ದನ್ನು ಹಾಗೇ ಬಿಟ್ಟರೆ ನಡುವಿನ ಗದ್ದೆ ಜವುಗಾಗುತ್ತದೆ, ಅಲ್ವಾ? ಪಾದದಲ್ಲಿ ಆಗುವುದೂ ಅದೇ. ಮೈಯಲ್ಲಿ ನೀರು ಹೆಚ್ಚಾದದ್ದಲ್ಲ, ಇದ್ದ ನೀರು ಜಿನುಗಿ ಅಲ್ಲಿ ನಿಂತದ್ದು. ಹಾಗಾಗಿ ಮೂತ್ರದ ಮಾತ್ರೆಯಿಂದ ಈ ಬಾವು ಅಷ್ಟೇನೂ ಇಳಿಯುವುದಿಲ್ಲ. ಆ ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕಾಲು ಸೆಳೆಯುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಒಂದು ಮಾತ್ರೆಯ ಅಡ್ಡ ಪರಿಣಾಮಕ್ಕೆ ಮೂರು ಮಾತ್ರೆ ಸೇರಿದ್ದು ಹೀಗೆ.

ಹಾಗೆಂದು ಕಾಲು ಬಾತದ್ದೆಲ್ಲ ಆಮ್ಲೋಡಿಪಿನ್ ಅಲ್ಲ. ಮೊದಲು ಮೂತ್ರ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಹೃದಯ ನೋಡಿದೆವು. ಎಲ್ಲ ಸರಿ ಇತ್ತು. ಆಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟಾನ್ ಎಂಬ ಬೇರೆ ಬಿಪಿ ಮಾತ್ರೆ ಕೊಟ್ಟು, ಉಳಿದದ್ದನ್ನು ಒಂದೊಂದಾಗಿ ಬಿಡಿಸಿದೆ. ಮೂರನೇ ವಾರ ಅವರು ಚಪ್ಪಲಿ ಹಾಕಿಕೊಂಡೇ ಬಂದರು.

ಇದರಲ್ಲಿ ಯಾರನ್ನು ದೂರುವುದು? ಹೃದಯಕ್ಕೆ ಮಂಗಳೂರು, ಕಾಲಿಗೆ ಕಾಸರಗೋಡು, ತಲೆ ತಿರುಗಿದರೆ ಹತ್ತಿರದ ಡಾಕ್ಟ್ರು. ನಮ್ಮ ಕಡೆಯವರ ಚಿಕಿತ್ಸೆ ಹೀಗೆ ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ನಾನೂ ಸಾಚಾ ಅಲ್ಲ. ಹಿಂದೊಮ್ಮೆ ಒಬ್ಬ ಕೃಷಿಕರ ಒಣ ಕೆಮ್ಮಿಗೆ ಮೂರು ಸಲ ಸಿರಪ್ ಬರೆದಿದ್ದೆ. ಕೊನೆಗೆ ಅವರ ಹೆಂಡತಿಯೇ ಹೇಳಿದ್ದು, "ಆ ಬಿಪಿ ಮಾತ್ರೆ ಸುರು ಮಾಡಿದ ಮೇಲೆಯೇ ಇವರಿಗೆ ಕೆಮ್ಮು." ಅದು ರಾಮಿಪ್ರಿಲ್, ಕೊಟ್ಟವನು ನಾನೇ! ಆ ಜಾತಿಯ ಮಾತ್ರೆ ತಿನ್ನುವ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಒಣ ಕೆಮ್ಮು ಬರುತ್ತದೆ. ಮಾತ್ರೆ ಬದಲಿಸಿದರೆ ಕೆಲವು ವಾರಗಳಲ್ಲಿ ಹೋಗುತ್ತದೆ. ಪುಸ್ತಕದಲ್ಲಿ ಓದಿದ್ದು ನನಗೆ ಹೊಳೆಯಲಿಲ್ಲ, ಅವರಿಗೆ ಹೊಳೆಯಿತು.

ಅಂದಿನಿಂದ ನಾನು ಹೇಳುವುದು ಇಷ್ಟು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ ಹೊಸ ಮದ್ದು ಸುರು ಮಾಡಿದ ದಿನವನ್ನೂ ಬರೆಯಿರಿ. ಜಾಸ್ತಿ ಕಡಿಮೆ ಮಾಡಿದ್ದನ್ನೂ ಬರೆಯಿರಿ. ಹೊಸ ತೊಂದರೆ ಕಂಡ ದಿನ ಅದರ ಚೌಕದಲ್ಲಿ ಒಂದು ಶಬ್ದ ಸಾಕು: ಕೆಮ್ಮು, ತುರಿಕೆ, ಬಿದ್ದದ್ದು. ಡಾಕ್ಟ್ರ ಹತ್ತಿರ ಹೋಗುವಾಗ ಆ ಹಾಳೆಯ ಫೋಟೋ ತೆಗೆದುಕೊಂಡು ಹೋಗಿ. ಬೇರೆ ಊರಿನಲ್ಲಿ ಬರೆಸಿದ ಮದ್ದು, ಕಷಾಯ, ಅಂಗಡಿಯಿಂದ ಸುಮ್ನೆ ತಂದ ನೋವಿನ ಮಾತ್ರೆ ಎಲ್ಲವೂ ಚೀಲದಲ್ಲಿರಲಿ. ನಾವು ಬೈಯುವುದಿಲ್ಲ. (ಕೆಲವರು ಬೈಯುತ್ತಾರೆ. ಆದರೂ ತನ್ನಿ.)

ಕೆಲವು ತೊಂದರೆ ಮೈಗೆ ಗೊತ್ತೇ ಆಗುವುದಿಲ್ಲ, ರಕ್ತ ನೋಡಿದರೆ ಮಾತ್ರ ಗೊತ್ತು. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಸುರು ಮಾಡಿ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು ಎನ್ನುವುದು ಅದಕ್ಕೇ. ಕಿಡ್ನಿ ಸ್ವಲ್ಪ ಸೋತಿದ್ದವರಿಗೆ ಈ ಮಾತ್ರೆಯಿಂದ ಪೊಟ್ಯಾಸಿಯಂ ಏರಬಹುದು. ಅದರ ಮೇಲೆ ಸೆಕೆಗೆಂದು ದಿನಕ್ಕೆ ಎರಡು ಮೂರು ಸೀಯಾಳ! ಸೀಯಾಳದಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ. ಸ್ವಂತ ತೋಟದ್ದು, ಅದರಿಂದ ಎಂತ ಆಗುವುದು ಎಂದು ಕೇಳುತ್ತಾರೆ. ಪೊಟ್ಯಾಸಿಯಂ ತುಂಬ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಕಿಡ್ನಿ ಸರಿ ಇದ್ದವರು ಹೆದರಬೇಕಾಗಿಲ್ಲ, ಕುಡಿಯಿರಿ.

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು, ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರಿಗೆ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವುದು, ತಪ್ಪಲೇಬಾರದು. 2020ರ ಮಾರ್ಚಿನಲ್ಲಿ ಎರಡು ರಾಜ್ಯಗಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇವರದ್ದೇ ನನಗೆ ದೊಡ್ಡ ಚಿಂತೆಯಾಗಿತ್ತು. ಎಲ್ಲದಕ್ಕೂ ಮಂಗಳೂರನ್ನೇ ನಂಬಿದ್ದವರು ಅವರು. ಮಾತ್ರೆ ಹೇಗಾದರೂ ಸಿಗುತ್ತಿತ್ತು, ಪರೀಕ್ಷೆ ಸಿಗುತ್ತಿರಲಿಲ್ಲ. ನಿಮ್ಮ ಪರೀಕ್ಷೆ ಹತ್ತಿರದಲ್ಲಿ ಎಲ್ಲಿ ಆಗುತ್ತದೆ ಎಂದು ಈಗಲೇ ತಿಳಿದುಕೊಳ್ಳಿ.

ಇನ್ನು ಭಾಷೆಯ ಪಾಡು. ಗಂಟು ನೋವಿಗೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಿನ್ನುವ ಮದ್ದು. ದಿನಾ ತಿಂದರೆ ಜೀವಕ್ಕೇ ಅಪಾಯ. ಒಬ್ಬರು ಅಜ್ಜನಿಗೆ ಒಂದು ಕಡೆ ಇದನ್ನು ಕಾಗದದ ಕವರಿನಲ್ಲಿ ಕೊಟ್ಟು, 'ವಾರಕ್ಕೊಮ್ಮೆ' ಎಂದು ಮಲಯಾಳದಲ್ಲಿ ಬರೆದಿದ್ದರು. ಅಜ್ಜ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬೇರೆ ಮಾತ್ರೆಗಳ ಜೊತೆ ಇದನ್ನೂ ದಿನಾ ತಿಂದರು. ಐದನೇ ದಿನ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುವುದಿಲ್ಲ. ಆಸ್ಪತ್ರೆಗೆ ಸೇರಿಸಿ ಹೇಗೋ ಉಳಿಸಿಕೊಂಡೆವು. ಓದಲು ಬಾರದ ಬರಹವಿದ್ದರೆ ಕೌಂಟರಿನಲ್ಲೇ ನಿಂತು, "ನನಗೆ ಕನ್ನಡದಲ್ಲಿ ಬರೆದು ಕೊಡಿ" ಎನ್ನಿ. ಹಿಂದೆ ಕ್ಯೂ ಇದ್ದರೆ ಇರಲಿ. ಮೆಥೋಟ್ರೆಕ್ಸೇಟ್ ಆದರೆ ಸೋಮವಾರವೋ ಮಂಗಳವಾರವೋ, ತಿನ್ನುವ ದಿನದ ಹೆಸರನ್ನೇ ಬರೆಸಿಕೊಳ್ಳಿ.

ಮದ್ದು ನಿಲ್ಲಿಸುವ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಪಸ್ಮಾರದ ಮಾತ್ರೆ, ಬಹಳ ದಿನ ತಿಂದ ಸ್ಟೀರಾಯ್ಡ್, ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲಿನ ಮಾತ್ರೆ, ಬಿಪಿಗೂ ಹೃದಯಕ್ಕೂ ಕೊಡುವ ಮೆಟೊಪ್ರೊಲಾಲ್ ಇವನ್ನೆಲ್ಲ ಹೆದರಿ ತಟ್ಟನೆ ಬಿಟ್ಟರೆ ಅಡ್ಡ ಪರಿಣಾಮಕ್ಕಿಂತ ದೊಡ್ಡ ಅನಾಹುತ ಆಗಬಹುದು. ಫೋನ್ ಮಾಡಿ ಕೇಳಿ. ಆದರೆ ಕೆಲವಕ್ಕೆ ಮರುದಿನದವರೆಗೆ ಕಾಯಬೇಡಿ. ಥೈರಾಯ್ಡ್ ಇಳಿಸುವ ಕಾರ್ಬಿಮಝೋಲ್ ತಿನ್ನುವಾಗ ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣ ನೋಡಿಸಬೇಕು. ರಾಮಿಪ್ರಿಲ್ ತಿನ್ನುವವರ ತುಟಿ, ನಾಲಿಗೆ ಬಾತರೆ ನೇರ ಆಸ್ಪತ್ರೆಗೆ. ವರ್ಷಗಟ್ಟಲೆ ತಿಂದ ಮೇಲೂ ಇದು ಬರಬಹುದು. ಹೊಸ ಮಾತ್ರೆ ಸುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಗುಳ್ಳೆ, ಜೊತೆಗೆ ಬಾಯಿಯಲ್ಲೂ ಕಣ್ಣಲ್ಲೂ ಹುಣ್ಣು ಕಂಡರೆ ಅದೂ ಹಾಗೆಯೇ. ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್, ಅಪಸ್ಮಾರಕ್ಕೆ ಕೊಡುವ ಕಾರ್ಬಮಝಪಿನ್ ತಿನ್ನುವವರು ಇದನ್ನು ನೆನಪಿಡಿ. ರಕ್ತ ತೆಳು ಮಾಡುವ ಮದ್ದು ತಿನ್ನುವವರಿಗೆ ಮಲ ಕಪ್ಪಾಗಿ ಹೋದರೂ ತಡ ಮಾಡಬೇಡಿ.

ಮದ್ದಿನ ಇಂಥ ಅಡ್ಡ ಪರಿಣಾಮಗಳನ್ನು ಸರ್ಕಾರಕ್ಕೂ ತಿಳಿಸಬಹುದು. 2010ರಿಂದ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮವಿದೆ. ಲೆಕ್ಕ ಇಡುವುದು ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ. 1800-180-3024ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ. ಡಾಕ್ಟ್ರೇ ಹೇಳಬೇಕೆಂದಿಲ್ಲ, ರೋಗಿಯೂ ಹೇಳಬಹುದು. ಮೆಥೋಟ್ರೆಕ್ಸೇಟ್ ದಿನಾ ತಿಂದ ಆ ಅಜ್ಜನ ಮಗನಿಗೆ ನಾನು ಇದನ್ನು ವಿವರಿಸುತ್ತಿದ್ದಾಗ ಅವರು, "ಫಾರಂ ಮಲಯಾಳದಲ್ಲಾ?" ಎಂದು ಕೇಳಿದರು. ಕನ್ನಡದ್ದನ್ನೇ ತೆಗೆದುಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.