ಸಕ್ಕರೆ ಒಂದೇ, ಕಿಡ್ನಿಯ ಗತಿ ಬೇರೆ ಬೇರೆ

“ಶುಗರ್ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಯ್ತು.” ಮದುವೆ ಊಟದ ಪಂಕ್ತಿಯಿಂದ ಹಿಡಿದು ವಾಟ್ಸಾಪ್‌ ಗುಂಪಿನವರೆಗೆ ಈ ಮಾತು ಕೇಳದ ಜಾಗವಿಲ್ಲ. ವಾದವೇ ತಲೆಕೆಳಗು. ಕಿಡ್ನಿಯನ್ನು ಸವೆಸುವುದು ರಕ್ತದಲ್ಲಿ ವರ್ಷಗಟ್ಟಲೆ ಜಾಸ್ತಿ ಉಳಿದ ಸಕ್ಕರೆ, ಅದರ ಜೊತೆಗೆ ಏರಿದ ಬಿಪಿ. ಕಿಡ್ನಿ ಸೋತ ಮೇಲೆ ಡಾಕ್ಟರು ಕೆಲವು ಮಾತ್ರೆಗಳನ್ನು ಕಡಿಮೆ ಮಾಡುತ್ತಾರೆ, ಕೆಲವನ್ನು ನಿಲ್ಲಿಸುತ್ತಾರೆ. ನೋಡಿದವರು ಮಾತ್ರೆಯೇ ಕಳ್ಳ ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ಆದರೆ ಇಲ್ಲಿ ನಿಜವಾದ ಒಗಟೂ ಒಂದಿದೆ. ಡಯಾಬಿಟೀಸ್ ಇರುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಕಿಡ್ನಿ ತೊಂದರೆ ಬರುತ್ತದೆ. ಪಥ್ಯದ ಗೊಡವೆಗೇ ಹೋಗದ ಕೆಲವರು ದಶಕಗಳ ನಂತರವೂ ಪಾರಾಗಿರುತ್ತಾರೆ. ಯಾಕೆ?

1989ರಲ್ಲಿ ಅಮೆರಿಕದ ಮಿನ್ನೆಸೋಟದ ಸಂಶೋಧಕರು ಅಣ್ಣತಮ್ಮ, ಅಕ್ಕತಂಗಿ ಇಬ್ಬರಿಗೂ ಡಯಾಬಿಟೀಸ್ ಇದ್ದ ಮನೆಗಳನ್ನು ಹುಡುಕಿದರು. ಒಬ್ಬರ ಕಿಡ್ನಿ ಕೆಟ್ಟಿದ್ದರೆ ಅವರ ಒಡಹುಟ್ಟಿದವರಲ್ಲಿ ಶೇ. 83 ಮಂದಿಗೂ ತೊಂದರೆ ಕಂಡಿತು. ಒಬ್ಬರ ಕಿಡ್ನಿ ಚೆನ್ನಾಗಿದ್ದ ಮನೆಗಳಲ್ಲಿ ಈ ಲೆಕ್ಕ ಬರೀ ಶೇ. 17. ಅದು ಸಣ್ಣ ಅಧ್ಯಯನ. ಒಂದೇ ಮನೆಯವರು ಒಂದೇ ಊಟ ಮಾಡುತ್ತಾರೆ ಅನ್ನುವ ಆಕ್ಷೇಪವೂ ಸರಿಯೇ. ಹಾಗಾಗಿ ಡಿಎನ್‌ಎಯನ್ನೇ ಓದಬೇಕಾಯಿತು.

ಇದರಲ್ಲಿ ಫಿನ್‌ಲ್ಯಾಂಡಿನ ಪಾಲು ದೊಡ್ಡದು. ಮಕ್ಕಳಲ್ಲೇ ಶುರುವಾಗುವ ಟೈಪ್ 1 ಡಯಾಬಿಟೀಸ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶ ಅದು. ಅಲ್ಲಿ 1997ರಲ್ಲಿ ವೈದ್ಯ ಪೆರ್-ಹೆನ್ರಿಕ್ ಗ್ರೂಪ್ ಅವರ ಮುಂದಾಳತ್ವದಲ್ಲಿ ಫಿನ್‌ಡಯಾನ್ ಅಧ್ಯಯನ ಶುರುವಾಯಿತು. ಮುಂದೆ ಬೇರೆ ದೇಶಗಳ ತಂಡಗಳೂ ಕೈಜೋಡಿಸಿದವು. ಟೈಪ್ 1 ಇರುವ ಸುಮಾರು 20 ಸಾವಿರ ಜನರ ಡಿಎನ್‌ಎ ಜಾಲಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದ್ದು ಕಂಡ ಜೀನ್ ಸಿಒಎಲ್4ಎ3.

ಇದು ಸಕ್ಕರೆಗೆ ಸಂಬಂಧಿಸಿದ ಜೀನೇ ಅಲ್ಲ! ಕಿಡ್ನಿಯ ಜರಡಿಯನ್ನು ಕಟ್ಟುವ ಜೀನ್. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ರಕ್ತನಾಳದ ಉಂಡೆಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಸೋಸುವ ಪೊರೆಯ ದಪ್ಪ ಒಂದು ಮಿಲಿಮೀಟರನ್ನು ಮೂರು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಅದನ್ನು ನೇಯ್ದಿರುವುದು ಕೊಲಾಜನ್ ಅನ್ನುವ ಪ್ರೋಟೀನ್. ತೆಂಗಿನ ನಾರಿನ ಹಗ್ಗ ಹೊಸೆಯುವ ಹಾಗೆ ಮೂರು ಎಳೆ ಸೇರಿ ಒಂದು ಹುರಿ. ಆ ಮೂರರಲ್ಲಿ ಒಂದು ಎಳೆಯ ನಕ್ಷೆ ಈ ಜೀನಿನಲ್ಲಿದೆ. ಎಳೆಗಳು ಒತ್ತಾಗಿ ಸುತ್ತಿಕೊಳ್ಳಬೇಕಾದರೆ ಪ್ರತಿ ಮೂರನೇ ಜಾಗದಲ್ಲಿ ಗ್ಲೈಸಿನ್ ಇರಬೇಕು. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಸಿಡ್‌ಗಳಲ್ಲೆಲ್ಲ ಅದೇ ಚಿಕ್ಕದು. ಅದರ ಜಾಗಕ್ಕೆ ಬೇರೇನಾದರೂ ಬಂದು ಕೂತರೆ ಹುರಿ ಸಡಿಲವಾಗುತ್ತದೆ.

ಸಡಿಲವಾದರೆ ಏನಾಗುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ದಕ್ಷಿಣ ಆಫ್ರಿಕಾ ಮೂಲದ ವೈದ್ಯ ಆರ್ಥರ್ ಸೆಸಿಲ್ ಆಲ್ಪೋರ್ಟ್ 1927ರಲ್ಲಿ ಒಂದು ಕುಟುಂಬದ ಬಗ್ಗೆ ಬರೆದರು. ಆ ಮನೆಯಲ್ಲಿ ಕಿಡ್ನಿ ಕಾಯಿಲೆ, ಕಿವುಡುತನ ಎರಡೂ ಒಟ್ಟೊಟ್ಟಿಗೆ ಬರುತ್ತಿದ್ದವು. ಅದೇ ಕೊಲಾಜನ್ ಕಿವಿಯ ಒಳಗೂ ಇದೆಯಲ್ವಾ, ಹಾಗಾಗಿ.

ಈಗ ಮಜಾ ನೋಡಿ. ಒಂದು ಬದಲಾವಣೆಯಿಂದ ಕಾಯಿಲೆ ತರುವ ಈ ಜೀನೇ ಇನ್ನೊಂದು ಬದಲಾವಣೆಯಿಂದ ಕಿಡ್ನಿ ಕಾಯುತ್ತದೆ. ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ, ಎಳೆಯ 326ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಸಿಡ್ ಬದಲು ಟೈರೋಸಿನ್ ಕೂರುತ್ತದೆ. ಗ್ಲೈಸಿನ್‌ಗೆ ಕೈ ಹಚ್ಚಿಲ್ಲ ಅನ್ನುವುದನ್ನು ಗಮನಿಸಿ. ಡಯಾಬಿಟೀಸ್‌ನಲ್ಲಿ ಈ ಪೊರೆ ನಿಧಾನವಾಗಿ ದಪ್ಪಗಾಗುತ್ತದೆ, ಹಾಳಾಗುವುದರ ಮೊದಲ ಗುರುತುಗಳಲ್ಲಿ ಅದೂ ಒಂದು. ಕಿಡ್ನಿ ತೊಂದರೆ ಇನ್ನೂ ಶುರುವಾಗದವರ ಬಯಾಪ್ಸಿ ನೋಡಿದಾಗ, ಬದಲಾದ ಅಕ್ಷರ ಇದ್ದವರ ಪೊರೆ ತೆಳುವಾಗಿತ್ತು.

“ಎಲ್ಲಾ ಹಣೆಬರಹ, ಪಥ್ಯ ಸುಮ್ನೆ” ಅನ್ನುವವರು ಇದೇ ಅಧ್ಯಯನದ ಇನ್ನೊಂದು ಮಾತನ್ನೂ ಕೇಳಬೇಕು. ಸಕ್ಕರೆ ಹತೋಟಿ ತಪ್ಪಿದ್ದವರಲ್ಲೇ ಈ ಅಕ್ಷರದ ಪ್ರಭಾವ ಜಾಸ್ತಿ ಕಂಡಿತು. ಹತೋಟಿಯಲ್ಲಿ ಇದ್ದವರಲ್ಲಿ ಅದು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸವಿರಲಿಲ್ಲ. 1993ರಲ್ಲಿ ಮುಗಿದ ಅಮೆರಿಕ-ಕೆನಡಾದ ದೊಡ್ಡ ಪ್ರಯೋಗದಲ್ಲಿ ಟೈಪ್ 1 ಇರುವ 1,441 ಜನರಿದ್ದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರುವ ಅಪಾಯ ಶೇ. 54ರಷ್ಟು ಇಳಿಯಿತು. ಅವರ ಜೀನ್ ಯಾವುದು ಅಂತ ಯಾರೂ ಕೇಳಿರಲಿಲ್ಲ.

2019ರ ಅಧ್ಯಯನದಲ್ಲಿ ಇದ್ದವರು ಯುರೋಪ್ ಮೂಲದವರು, ಎಲ್ಲರಿಗೂ ಟೈಪ್ 1. ನಮ್ಮಲ್ಲಿ ಬಹುಪಾಲು ಟೈಪ್ 2. ಹಾಗಿರುವಾಗ, ಲ್ಯಾಬಿನವರು ಜೀನ್ ಟೆಸ್ಟ್ ಮಾಡಿ ನಿಮ್ಮ ಕಿಡ್ನಿಯ ಭವಿಷ್ಯ ಹೇಳುತ್ತೇವೆ ಅಂದರೆ ದುಡ್ಡು ಕೊಡಬೇಡಿ. ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುವುದಕ್ಕೆ ಎಷ್ಟೋ ಮೊದಲೇ ಅದು ಸೋರಿಕೆ ತೋರಿಸಬಲ್ಲದು.